ಯಾರೂ ಬೇಡ ಅನ್ನದ ಠರಾವು

ತುರುವನೂರು ಸತ್ಯಾಗ್ರಹವನ್ನು ನೆನೆದು ವಿಧಾನಸಭೆ ಒಂದು ನಿರ್ಣಯ ಅಂಗೀಕರಿಸಬೇಕು ಅಂತ ನಮ್ಮ ದುರ್ಗದ ಗೆಳೆಯರು ಮನವಿ ಕೊಟ್ಟು ಬಹಳ ದಿನ ಆಯಿತು. ಏನೂ ಆಗಿಲ್ಲ. ಮೊನ್ನೆ ಓಬವ್ವ ಸರ್ಕಲ್ ಹತ್ತಿರ ಟೀ ಕುಡಿಯುವಾಗ ಮತ್ತೆ ಅದೇ ಮಾತು ಬಂತು. "ಯಾರೋ ಅಡ್ಡ ಹಾಕ್ತಿದ್ದಾರೆ ಮೇಷ್ಟ್ರೇ, ಇದರಲ್ಲಿ ರಾಜಕೀಯ ಇದೆ" ಅಂತ ಒಬ್ಬ ಹುಡುಗ ಸಿಟ್ಟು ಮಾಡಿಕೊಂಡ. ನನಗೆ ಹಾಗೆ ಅನ್ನಿಸುವುದಿಲ್ಲ. ಯಾರೂ ಅಡ್ಡ ಹಾಕುತ್ತಿಲ್ಲ. ಅಡ್ಡ ಹಾಕುವವರು ಇದ್ದಿದ್ದರೆ ಅದು ಇಷ್ಟು ಹೊತ್ತಿಗೆ ಪಾಸಾಗಿರುತ್ತಿತ್ತು!

ಗೊತ್ತಿಲ್ಲದವರಿಗೆ ಎರಡು ಮಾತು. ತುರುವನೂರು ನಮ್ಮ ಚಿತ್ರದುರ್ಗ ತಾಲ್ಲೂಕಿನ ಹೋಬಳಿ ಊರು. 1939ರಲ್ಲಿ ಮೈಸೂರು ಕಾಂಗ್ರೆಸ್ಸಿನವರು ಅಲ್ಲಿ ಅರಣ್ಯ ಸತ್ಯಾಗ್ರಹ ಮಾಡಿದರು. ಜನ ಕೊಡಲಿ ಹಿಡಿದು ಈಚಲು ಮರ ಕಡಿದರು. ಈಚಲು ಮರ ಅಂದರೆ ಹೆಂಡ, ಹೆಂಡ ಅಂದರೆ ಸರ್ಕಾರಕ್ಕೆ ಅಬಕಾರಿ ದುಡ್ಡು. ಒಂದೇ ಏಟಿಗೆ ಕಾನೂನೂ ಮುರಿಯಿತು, ಖಜಾನೆಗೂ ಪೆಟ್ಟು ಬಿತ್ತು. ದುರ್ಗದಲ್ಲಿ ವಕೀಲರಾಗಿದ್ದ ಎಸ್. ನಿಜಲಿಂಗಪ್ಪ ಜೈಲಿಗೆ ಹೋದರು, ವಕೀಲಿಕೆಯ ಸನ್ನದನ್ನೂ ಕಳೆದುಕೊಂಡರು. ಮಾಯಕೊಂಡದ ಕಡೆ ಇದೇ ಚಳವಳಿಗೆ ಇಳಿದು ಜೈಲು ಕಂಡ ಬಳ್ಳಾರಿ ಸಿದ್ದಮ್ಮ ಆಮೇಲೆ ಶಾಸಕಿಯೂ ಆದರು. ಸ್ವಾತಂತ್ರ್ಯ ಹೋರಾಟದ ಊರುಗಳಲ್ಲಿ ಶಿವಪುರ, ವಿದುರಾಶ್ವತ್ಥ, ಈಸೂರು ಅಂದರೆ ರಾಜ್ಯಕ್ಕೆಲ್ಲ ಗೊತ್ತು. ತುರುವನೂರು ನಮ್ಮ ಜಿಲ್ಲೆಯಲ್ಲೇ ಎಷ್ಟು ಜನಕ್ಕೆ ಗೊತ್ತೋ.

ಹಾಗಾಗಿ ಗೆಳೆಯರ ಆಸೆ ಸರಿಯಾಗಿಯೇ ಇದೆ. ಅವರು ಹಿಡಿದ ದಾರಿಯ ಬಗ್ಗೆ ನನ್ನ ತಕರಾರು.

ಮನವಿ ಕೊಟ್ಟ ದಿನ ನಾನೂ ಜೊತೆಗಿದ್ದೆ. ಐಬಿ, ಅಂದರೆ ಸರ್ಕಾರಿ ಪ್ರವಾಸಿ ಮಂದಿರದ ವರಾಂಡ. ಶಾಸಕರ ಸುತ್ತ ವರ್ಗಾವಣೆ ಬೇಕಾದವರು, ಬೋರ್‌ವೆಲ್ ಬೇಕಾದವರು, ಮಗನಿಗೆ ಹಾಸ್ಟೆಲ್ ಸೀಟು ಬೇಕಾದವರು. ನಮ್ಮ ಸರದಿ ಬಂತು. ಅವರು ಮನವಿಯ ಮೇಲೆ ಕಣ್ಣಾಡಿಸಿ, "ಒಳ್ಳೇ ಕೆಲಸ, ಖಂಡಿತ ಮಾಡೋಣ" ಅಂದರು. ಕಾಗದದ ಒಂದು ತುದಿ ಅವರ ಕೈಯಲ್ಲಿ, ಇನ್ನೊಂದು ತುದಿಗೆ ನಮ್ಮವರ ನಾಲ್ಕೈದು ಕೈ. ಫೋಟೋ ಆಗುವ ತನಕ ಯಾರೂ ಬಿಡಲಿಲ್ಲ. ಆದ ಮೇಲೆ ಕಾಗದ ಪಿಎ ಕೈಗೆ ಹೋಯಿತು, ಅಲ್ಲಿಂದ ಅವರ ಕಂಕುಳಲ್ಲಿದ್ದ ಫೈಲಿಗೆ. ಸಂಜೆ ವಾಟ್ಸಾಪ್‌ನಲ್ಲಿ ಫೋಟೋ, ಬೆಳಿಗ್ಗೆ ಲೋಕಲ್ ಪೇಪರ್‌ನಲ್ಲಿ ಸುದ್ದಿ. ನಮ್ಮಲ್ಲಿ ಒಬ್ಬರು ಆ ತುಂಡನ್ನು ಲ್ಯಾಮಿನೇಷನ್ ಮಾಡಿಸಿ ಇಟ್ಟುಕೊಂಡಿದ್ದಾರೆ.

ನನ್ನ ಲೆಕ್ಕದಲ್ಲಿ ಆ ಮನವಿಯ ಆಯುಸ್ಸು ಅಲ್ಲಿಗೇ ಮುಗಿಯಿತು. ಶಾಸಕರಿಗೆ ಸಿಗಬೇಕಾದ ಹೆಸರು ಮನವಿ ತೆಗೆದುಕೊಂಡಾಗಲೇ ಸಿಕ್ಕಿತು. ಸದನದಲ್ಲಿ ಪಾಸು ಮಾಡಿಸಿದರೆ ಸಿಗುವುದು ಇನ್ನೊಂದು ಫೋಟೋ ಅಷ್ಟೇ. ಬೋರ್‌ವೆಲ್ ಕೊರೆಸದಿದ್ದರೆ ಆ ಊರಿನವರು ಮತ್ತೆ ಬರುತ್ತಾರೆ, ಬೈಯುತ್ತಾರೆ, ಓಟಿನ ಹೊತ್ತಿಗೆ ನೆನಪಿಟ್ಟುಕೊಂಡು ಕೇಳುತ್ತಾರೆ. ತುರುವನೂರಿನ ನಿರ್ಣಯ ಆಗದಿದ್ದರೆ ಯಾರ ಮನೆಯ ನಲ್ಲಿ ನೀರೂ ನಿಲ್ಲುವುದಿಲ್ಲ.

ಇನ್ನು ಸದನದ ಒಳಗಿನ ಕಥೆ. ಅಲ್ಲಿ ಹೊತ್ತು ಸರ್ಕಾರದ್ದು. ಯಾವುದಕ್ಕೆ ಎಷ್ಟು ಸಮಯ ಅಂತ ಕಾರ್ಯಕಲಾಪ ಸಲಹಾ ಸಮಿತಿಯಲ್ಲಿ ಪಕ್ಷಗಳ ಮುಖಂಡರು ಕೂತು ಗೊತ್ತು ಮಾಡುತ್ತಾರೆ. ಮಂತ್ರಿ ಆಗಿಲ್ಲದವರೆಲ್ಲ ಸದನದ ಭಾಷೆಯಲ್ಲಿ ಖಾಸಗಿ ಸದಸ್ಯರು, ಆಳುವ ಪಕ್ಷದವರಾದರೂ ಸರಿ. ಲೋಕಸಭೆಯನ್ನೇ ನೋಡಿ. ಇವರಿಗೆ ಅಂತ ಇರುವುದು ಶುಕ್ರವಾರದ ಕೊನೆಯ ಎರಡೂವರೆ ಗಂಟೆ. ಒಂದು ಶುಕ್ರವಾರ ಖಾಸಗಿ ಮಸೂದೆ, ಇನ್ನೊಂದು ಶುಕ್ರವಾರ ಖಾಸಗಿ ನಿರ್ಣಯ. ಯಾರಿಗೆ ಅವಕಾಶ ಅಂತ ಚೀಟಿ ಎತ್ತುತ್ತಾರೆ. ಚೀಟಿಯಲ್ಲಿ ಹೆಸರು ಬಂದರೂ, ಮುಂದಿರುವವರ ನಿರ್ಣಯದ ಚರ್ಚೆ ಎಳೆದರೆ ಹಿಂದಿನವರ ಪಾಳಿ ಬರುವುದೇ ಇಲ್ಲ. ಅಷ್ಟರಲ್ಲಿ ಅರ್ಧ ಸದನ ಊರಿಗೆ ಹೋಗುವ ವಿಮಾನ ಹಿಡಿದಿರುತ್ತದೆ. ಮದುವೆ ಊಟದ ಕೊನೇ ಪಂಕ್ತಿ ಇದ್ದ ಹಾಗೆ. ಎಲೆ ಹಾಕುತ್ತಾರೆ, ಹೋಳಿಗೆ ಮುಗಿದಿರುತ್ತದೆ.

ಇಷ್ಟೆಲ್ಲ ದಾಟಿ ಚರ್ಚೆಯಾದರೂ ಕೊನೆಗೆ ಮಂತ್ರಿ ಎದ್ದು, ಸದಸ್ಯರ ಭಾವನೆಗೆ ಗೌರವ ಇದೆ, ದಯವಿಟ್ಟು ನಿರ್ಣಯ ಹಿಂಪಡೆಯಿರಿ ಅಂತ ಕೇಳುತ್ತಾರೆ. ಸದಸ್ಯರು ಸಾಮಾನ್ಯವಾಗಿ ಒಪ್ಪುತ್ತಾರೆ. ಅಧಿವೇಶನ ಮುಗಿದ ಆದೇಶ ಹೊರಟರೆ ಬಾಕಿ ಉಳಿದ ನೋಟಿಸ್‌ಗಳೂ ಬಿದ್ದುಹೋಗುತ್ತವೆ. ಮತ್ತೆ ಹೊಸದಾಗಿ ಕೊಡಬೇಕು, ಮತ್ತೆ ಚೀಟಿ. ಸ್ವಾತಂತ್ರ್ಯ ಬಂದ ಮೇಲೆ ಸಂಸತ್ತಿನ ಎರಡೂ ಮನೆ ದಾಟಿ ಕಾನೂನಾದ ಖಾಸಗಿ ಮಸೂದೆಗಳು ಬರೀ 14. ಕೊನೆಯದು ಆಗಿದ್ದು 1970ರಲ್ಲಿ. ಜನರ ಬದುಕನ್ನೇ ಮುಟ್ಟುವ ಮಸೂದೆಗಳಿಗೆ ಈ ಗತಿ. ಕೈಮುಗಿದು ನೆನೆಯುವ ನಿರ್ಣಯಕ್ಕೆ ಎಲ್ಲಿಂದ ಜಾಗ?

ನಮ್ಮ ವಿಧಾನಮಂಡಲವಂತೂ ವರ್ಷಕ್ಕೆ ಕನಿಷ್ಠ 60 ದಿನ ಸೇರಬೇಕು ಅಂತ 2005ರಲ್ಲಿ ತಾನೇ ಕಾನೂನು ಮಾಡಿಕೊಂಡಿದೆ. ಅಷ್ಟು ದಿನ ಸೇರುವುದೇ ಅಪರೂಪ. ಸೇರಿದ ದಿನಗಳಲ್ಲೂ ಧರಣಿ, ಗದ್ದಲ, ಮುಂದೂಡಿಕೆ. ಬೆಳಗಾವಿಗೆ ಹೋದರೆ ಅರ್ಧ ಸುದ್ದಿ ಊಟ-ವಸತಿಯದೇ ಇರುತ್ತದೆ, ಅದು ಬಿಡಿ.

ಹಾಗಾದರೆ ನಿರ್ಣಯಗಳೇ ಪಾಸಾಗಲ್ವಾ? ಆಗುತ್ತವೆ, ಅದೂ ಒಂದೇ ದಿನದಲ್ಲಿ. 2022ರ ಡಿಸೆಂಬರ್ 22ರಂದು ಬೆಳಗಾವಿಯಲ್ಲಿ ಗಡಿ ವಿಚಾರದ ನಿರ್ಣಯ ಅವಿರೋಧವಾಗಿ ಪಾಸಾಯಿತು. 2024ರ ಜುಲೈ 25ರಂದು ನೀಟ್ ಬೇಡ, ಒಂದು ದೇಶ ಒಂದು ಚುನಾವಣೆ ಬೇಡ, ಕ್ಷೇತ್ರ ಮರುವಿಂಗಡಣೆ ಹೀಗೆ ಬೇಡ ಅಂತ ಒಟ್ಟೊಟ್ಟಿಗೆ ಪಾಸಾದವು. ಇವುಗಳಿಂದ ತಕ್ಷಣ ಏನೂ ಬದಲಾಗುವುದಿಲ್ಲ ಅಂತ ತಂದವರಿಗೂ ಗೊತ್ತಿತ್ತು. ಆ ಲೆಕ್ಕದಲ್ಲಿ ಇವೂ ಸಾಂಕೇತಿಕವೇ. ಆದರೆ ಎರಡು ವ್ಯತ್ಯಾಸ. ತಂದವರು ಸರ್ಕಾರದವರು. ಮತ್ತೆ, ಎದುರಿಗೆ ಒಬ್ಬರು ಇದ್ದರು. ಒಂದು ಸಲ ಮಹಾರಾಷ್ಟ್ರ, ಇನ್ನೊಂದು ಸಲ ದೆಹಲಿ. ನಿರ್ಣಯಕ್ಕೆ ಬೀಸಲು ಒಂದು ಗುರಿ ಬೇಕು.

ಹೊರದೇಶದಲ್ಲೂ ಹೀಗೇ. ಮೊದಲ ಮಹಾಯುದ್ಧದ ಕಾಲದಲ್ಲಿ ಟರ್ಕಿಯ ಆಗಿನ ಒಟ್ಟೋಮನ್ ಆಡಳಿತದಲ್ಲಿ ನಡೆದ ಅರ್ಮೇನಿಯನ್ನರ ನರಮೇಧವನ್ನು ನೆನೆಯುವ ನಿರ್ಣಯ ಅಮೆರಿಕದ ಸಂಸತ್ತಿನಲ್ಲಿ ದಶಕಗಳ ಕಾಲ ಒದ್ದಾಡಿತು. 2007ರಲ್ಲಿ ಸಮಿತಿಯಲ್ಲಿ 27-21ರಿಂದ ಗೆದ್ದಿತು. ಟರ್ಕಿ ಮುನಿಸಿಕೊಂಡರೆ ಇರಾಕ್ ಯುದ್ಧಕ್ಕೆ ತೊಂದರೆ ಅಂತ ಸದನಕ್ಕೆ ತರಲೇ ಇಲ್ಲ. 2019ರ ಅಕ್ಟೋಬರ್‌ನಲ್ಲಿ ಟರ್ಕಿ ಸಿರಿಯಾದೊಳಗೆ ಸೈನ್ಯ ನುಗ್ಗಿಸಿತು. ಅದೇ ತಿಂಗಳು ಕೆಳಮನೆಯಲ್ಲಿ 405-11ರಿಂದ ಪಾಸು! ಸತ್ತವರು ಅವರೇ, ಇತಿಹಾಸ ಅದೇ. ಬದಲಾಗಿದ್ದು ಟರ್ಕಿಯ ಮೇಲಿನ ಸಿಟ್ಟು. ಇನ್ನು, ಇಂಥ ದಿನ, ಇಂಥ ವಾರ ಇಂಥವರ ನೆನಪಿಗೆ ಅಂತ ಘೋಷಿಸುವ ಮಸೂದೆಗಳು ವಿಪರೀತ ಜಾಸ್ತಿಯಾಗಿ, ಅವುಗಳನ್ನು ಮಂಡಿಸಲೇಬಾರದು ಅಂತ ಅದೇ ಮನೆ 1995ರಲ್ಲಿ ನಿಯಮ ಮಾಡಿಕೊಂಡಿತು. ಒಬ್ಬರಿಗೆ ಬಾಗಿಲು ತೆಗೆದರೆ ಎಲ್ಲರೂ ಬರುತ್ತಾರೆ. ನಮ್ಮಲ್ಲಿ 224 ಶಾಸಕರು. ತುರುವನೂರಿನಂಥದ್ದು ಯಾರ ಕ್ಷೇತ್ರದಲ್ಲಿ ಇಲ್ಲ ಹೇಳಿ?

ತುರುವನೂರಿಗೆ ಅಂಥ ಗುರಿ ಯಾರು? 1939ರ ಮೈಸೂರು ಸರ್ಕಾರ ಈಗ ಇಲ್ಲ. ಅದರ ಮೇಲೆ ಯಾರಿಗೂ ಸಿಟ್ಟಿಲ್ಲ. ಹೋಗಲಿ, ನಮ್ಮವರು ಅಂತ ಎದೆ ತಟ್ಟಿಕೊಳ್ಳುವ ಪಕ್ಷವಾದರೂ ಇದೆಯಾ? ನಿಜಲಿಂಗಪ್ಪನವರು 1969ರಲ್ಲಿ ಕಾಂಗ್ರೆಸ್ ಒಡೆದಾಗ ಪಕ್ಷದ ಅಧ್ಯಕ್ಷರು, ಇಂದಿರಾ ಗಾಂಧಿಯವರ ಎದುರು ನಿಂತವರು. ಇಂದಿನ ಕಾಂಗ್ರೆಸ್ಸಿಗೆ ಅವರನ್ನು ಪೂರ್ತಿ ಅಪ್ಪಿಕೊಳ್ಳಲು ಸ್ವಲ್ಪ ಮುಜುಗರ. ಉಳಿದವರಿಗೆ ಅವರು ಹಳೇ ಕಾಂಗ್ರೆಸ್ಸಿಗರು. ದುರ್ಗದ ಹತ್ತಿರ ಸೀಬಾರದಲ್ಲಿರುವ ಅವರ ಸ್ಮಾರಕಕ್ಕೆ ಹೋಗಿ ಹಾರ ಹಾಕುವವರು ಎಲ್ಲ ಪಕ್ಷದಲ್ಲೂ ಇದ್ದಾರೆ. ಅವರಿಗಾಗಿ ಸದನದಲ್ಲಿ ಹಟ ಹಿಡಿಯುವವರು ಯಾವ ಪಕ್ಷದಲ್ಲೂ ಇಲ್ಲ.

ಇನ್ನೂ ಒಂದು ಸಂಗತಿ ಇದೆ. ನೆನಪಿನ ಕೆಲಸಕ್ಕೆ ಸದನದ ಅಗತ್ಯವೇ ಇಲ್ಲ ಅಂತ ಸರ್ಕಾರಗಳಿಗೆ ಯಾವತ್ತೋ ಗೊತ್ತಾಗಿದೆ. ನಮ್ಮ ಒನಕೆ ಓಬವ್ವನನ್ನೇ ನೋಡಿ. ನವೆಂಬರ್ 11ರಂದು ಓಬವ್ವ ಜಯಂತಿ ಅಂತ 2021ರಲ್ಲಿ ಬಂದಿದ್ದು ಸರ್ಕಾರಿ ಆದೇಶದಿಂದ. ಬಸವಣ್ಣನವರನ್ನು ಸಾಂಸ್ಕೃತಿಕ ನಾಯಕ ಅಂತ 2024ರ ಜನವರಿಯಲ್ಲಿ ತೀರ್ಮಾನ ಮಾಡಿದ್ದು ಸಚಿವ ಸಂಪುಟ. ಟಿಪ್ಪು ಜಯಂತಿ 2015ರಲ್ಲಿ ಸರ್ಕಾರದ ಮಾತಿನಿಂದ ಶುರುವಾಯಿತು, 2019ರಲ್ಲಿ ಇನ್ನೊಂದು ಸರ್ಕಾರದ ಆದೇಶದಿಂದ ನಿಂತಿತು. ಆದೇಶಕ್ಕೆ ಚರ್ಚೆ ಬೇಡ, ಹೆಸರೂ ಪೂರ್ತಿ ಸರ್ಕಾರಕ್ಕೇ. ಹೀಗಿರುವಾಗ ಒಬ್ಬ ಬಿಡಿ ಶಾಸಕನ ನಿರ್ಣಯಕ್ಕೆ ಸಮಯ ಬಿಟ್ಟುಕೊಟ್ಟು ಹೆಸರನ್ನು ಅವನಿಗೆ ಯಾಕೆ ಕೊಡುತ್ತಾರೆ?

ಅಪವಾದ ಇಲ್ಲ ಅಂತಲ್ಲ. ಮೈಸೂರು ರಾಜ್ಯಕ್ಕೆ ಕರ್ನಾಟಕ ಅನ್ನುವ ಹೆಸರು ಬೇಕು ಅಂತ 1972ರಲ್ಲಿ ಆಗಿದ್ದಕ್ಕಿಂತ ದೊಡ್ಡ ಸಾಂಕೇತಿಕ ನಿರ್ಣಯ ನಮ್ಮ ಸದನದಲ್ಲಿ ಇನ್ನೊಂದಿಲ್ಲ. ಆದರೆ ಅದರ ಹಿಂದೆ ದೇವರಾಜ ಅರಸರ ಸರ್ಕಾರವೇ ನಿಂತಿತ್ತು. ಹಳೇ ಮೈಸೂರಿನ ಕೆಲವರಿಗೆ ಇಷ್ಟ ಇರಲಿಲ್ಲ, ಅಂದರೆ ಎದುರೂ ಇತ್ತು. ಅಷ್ಟಾಗಿಯೂ ಸಂಸತ್ತು ಕಾನೂನು ಮಾಡಿದ ಮೇಲೇ 1973ರ ನವೆಂಬರ್ 1ಕ್ಕೆ ಹೆಸರು ಬದಲಾಗಿದ್ದು.

ಟೀ ಕುಡಿಯುತ್ತಿದ್ದ ಹುಡುಗ ಕೇಳಿದ: "ಹಾಗಾದ್ರೆ ಸುಮ್ನೆ ಇರಬೇಕಾ?" ನಿರ್ಣಯ ಆದರೂ ಏನು ಸಿಗುತ್ತಿತ್ತು ಅಂತ ನಾನು ಕೇಳಿದೆ. ಭದ್ರಾ ಮೇಲ್ದಂಡೆ ನೀರಾವರಿ ಯೋಜನೆಗೆ 5,300 ಕೋಟಿ ಅಂತ 2023ರ ಕೇಂದ್ರ ಬಜೆಟ್ ಭಾಷಣದಲ್ಲೇ ಓದಿದರು. ಆ ದುಡ್ಡಿಗಾಗಿ ನಮ್ಮ ರೈತರು ಆಮೇಲೂ ಬೀದಿಗಿಳಿದು ಕೂಗಬೇಕಾಯಿತು. ಬಜೆಟ್‌ನಲ್ಲಿ ಅಂಕಿ ಸಮೇತ ಹೇಳಿದ್ದಕ್ಕೇ ಹೀಗಾದರೆ, ಗೌರವ ಸಲ್ಲಿಸುತ್ತದೆ ಅನ್ನುವ ಒಂದು ವಾಕ್ಯಕ್ಕೆ ಅಷ್ಟು ಆಸೆ ಪಡುವುದು ಬೇಡ.

ಗ್ರಾಮ ಪಂಚಾಯಿತಿಯ ಠರಾವು ಇದಕ್ಕಿಂತ ಮೇಲು ಅಂತ ನನ್ನ ಅಭಿಪ್ರಾಯ. ನಗಬೇಡಿ. ಅಲ್ಲಿ ಸದಸ್ಯರು ಸಹಿ ಹಾಕಿದ ನಡವಳಿ ಪುಸ್ತಕ ಇರುತ್ತದೆ, ಪಿಡಿಒ ಇರುತ್ತಾರೆ, ಸಣ್ಣದಾದರೂ ಸ್ವಂತ ಆದಾಯ ಇರುತ್ತದೆ. ಬಸ್ ಸ್ಟ್ಯಾಂಡ್ ಹತ್ತಿರ ಕಲ್ಲಿನ ಫಲಕ ಹಾಕಿಸುವುದು ಅವರ ಅಳವಿಗೆ ನಿಲುಕುವ ಕೆಲಸ. ಸೋತರೆ ಯಾರಿಂದ ಸೋತೆವು ಅಂತಲಾದರೂ ಗೊತ್ತಾಗುತ್ತದೆ. ಫಲಕದ ಮೇಲೆ ಯಾರ ಹೆಸರು ಮೊದಲು, ಯಾರ ತಾತನ ಹೆಸರು ಬಿಟ್ಟುಹೋಯಿತು ಅಂತ ಜಗಳ ಆಗೇ ಆಗುತ್ತದೆ. ಆಗಲಿ. ಜಗಳ ಆದರೆ ಹಳೇ ಟ್ರಂಕುಗಳು ಬಿಚ್ಚುತ್ತವೆ, ಜೈಲಿನ ಕಾಗದ, ತಾಮ್ರಪತ್ರ, ಫೋಟೋ ಹೊರಗೆ ಬರುತ್ತವೆ.

ಈ ವಾರ ಪಂಚಾಯಿತಿಗೆ ಅರ್ಜಿ ಬರೆಯುತ್ತಿದ್ದೇವೆ. ತುರುವನೂರು ಅಥವಾ ಮಾಯಕೊಂಡ ಕಡೆಯವರು, ಮನೆಯಲ್ಲಿ ಹಿರಿಯರು ಈಚಲು ಮರ ಕಡಿದು ಜೈಲಿಗೆ ಹೋಗಿದ್ದರೆ, ಅವರ ಕಾಗದಪತ್ರ ಇದ್ದರೆ ಇನ್‌ಬಾಕ್ಸ್ ಮಾಡಿ. ಜೆರಾಕ್ಸ್ ಸಾಕು, ಒರಿಜಿನಲ್ ಯಾರ ಕೈಗೂ ಕೊಡಬೇಡಿ. ನಮ್ಮ ಕೈಗೂ.