ಕಾಸರಗೋಡಿನ ಬೆವರಿಗೆ ಬೆಂಗಳೂರಿನ ಪಟ್ಟಿ

ಬೆಳಗ್ಗೆ ಐದೂವರೆಗೆ ನೀರ್ಚಾಲಿನಿಂದ ಸೀತಾಂಗೋಳಿಯ ಕಡೆಗೆ ಓಡುತ್ತಿದ್ದರೆ ಹಾಲಿನ ವ್ಯಾನಿನವರು ಪಕ್ಕಕ್ಕೆ ಬಂದು ನಿಧಾನಿಸಿ, "ಎಂತ ಮಾಷ್ಟ್ರೇ, ಬಸ್ಸು ತಪ್ಪಿತಾ? ಹತ್ತಿ" ಎನ್ನುತ್ತಿದ್ದ ಕಾಲವೊಂದಿತ್ತು. ಅದಾಗಿ ಏಳು ವರ್ಷವಾಯಿತು. ಈಗ ಅದೇ ರಸ್ತೆಯಲ್ಲಿ ಭಾನುವಾರಗಳಂದು ಹತ್ತು ಹನ್ನೆರಡು ಮಂದಿ ಸೇರುತ್ತೇವೆ: ಅಡಿಕೆ ಕೃಷಿಕರು, ಬ್ಯಾಂಕಿನವರು, ಇಬ್ಬರು ನರ್ಸುಗಳು, ಕಾಞಂಗಾಡಿನಿಂದ ಬೈಕಿನಲ್ಲಿ ಬರುವ ಮಲಯಾಳಿ ಗೆಳೆಯರು. ಎಲ್ಲರ ಮಣಿಕಟ್ಟಿನಲ್ಲೂ ಜಿಪಿಎಸ್ ವಾಚು, ಎಲ್ಲರ ಮೊಬೈಲಿನಲ್ಲೂ ಮ್ಯಾರಥಾನ್ ಓಟಕ್ಕೆ ಹದಿನಾರು ವಾರಗಳ ತರಬೇತಿ ಪಟ್ಟಿ. ನನ್ನ ತಕರಾರು ಇರುವುದು ಈ ಪಟ್ಟಿಯ ಬಗ್ಗೆ.

ಪಟ್ಟಿ ಹೆಚ್ಚಾಗಿ ಬೆಂಗಳೂರಿನಿಂದ ಬರುತ್ತದೆ. ಅಲ್ಲಿ ನೌಕರಿಯಲ್ಲಿರುವ ನಮ್ಮೂರ ಹುಡುಗರೇ ಅಭಿಮಾನದಿಂದ ಕಳುಹಿಸುತ್ತಾರೆ, ನಾವು ಅದನ್ನು ಪಂಚಾಂಗದಂತೆ ಒಪ್ಪಿಕೊಳ್ಳುತ್ತೇವೆ. ಪಂಚಾಂಗವನ್ನಾದರೂ ನಮ್ಮ ಹಿರಿಯರು ಊರಿನ ಸೂರ್ಯೋದಯಕ್ಕೆ ಹೊಂದಿಸಿಕೊಂಡು ನೋಡುತ್ತಿದ್ದರು. "ಭಾನುವಾರ 18 ಕಿ.ಮೀ., ಕಿಲೋಮೀಟರಿಗೆ 6 ನಿಮಿಷ 40 ಸೆಕೆಂಡು, ಆರಾಮದ ಓಟ" ಎಂದು ಪಟ್ಟಿಯಲ್ಲಿರುತ್ತದೆ, ಯಾರ ಆರಾಮ, ಯಾವ ಹವೆಯಲ್ಲಿ ಎಂಬುದು ಮಾತ್ರ ಇರುವುದಿಲ್ಲ. ಸಮುದ್ರಮಟ್ಟದಿಂದ 900 ಮೀಟರಿನಷ್ಟು ಎತ್ತರದಲ್ಲಿರುವ ಬೆಂಗಳೂರಿನ ತಂಪು ಮುಂಜಾವಿಗೂ, ಏಪ್ರಿಲ್‌ನಲ್ಲಿ ಸೂರ್ಯ ಹುಟ್ಟುವ ಮೊದಲೇ 26 ಡಿಗ್ರಿ ಸೆಕೆಯೂ ಶೇ. 90ರ ಹತ್ತಿರದ ಆರ್ದ್ರತೆಯೂ ಇರುವ ನಮ್ಮ ಮುಂಜಾವಿಗೂ ಒಂದೇ ಪೇಸ್, ಎಂದರೆ ಕಿಲೋಮೀಟರಿಗೆ ಹಿಡಿಯುವ ಸಮಯ, ಹೇಗೆ ಹೊಂದೀತು?

ಬೆವರು ಚರ್ಮದ ಮೇಲೆ ಆರಿದಾಗಲಷ್ಟೇ ಮೈ ತಣಿಯುತ್ತದೆ. ಗಾಳಿಯಲ್ಲೇ ನೀರು ತುಂಬಿಕೊಂಡಿದ್ದರೆ ಅದು ಆರದೆ ಮೊಣಕೈಯಿಂದ ತೊಟ್ಟಿಕ್ಕಿ ಡಾಮರಿಗೆ ಬೀಳುತ್ತದೆ. ಅಷ್ಟೂ ನೀರು ದಂಡ. ತಣಿಯಲಾರದ ದೇಹ ಇನ್ನಷ್ಟು ರಕ್ತವನ್ನು ಚರ್ಮದತ್ತ ತಿರುಗಿಸುತ್ತದೆ, ಅತ್ತ ಬೆವರಿನಿಂದಾಗಿ ರಕ್ತದ ದ್ರವಾಂಶವೂ ಕುಗ್ಗಿರುತ್ತದೆ, ಹೀಗಾಗಿ ಒಂದೊಂದು ಬಡಿತಕ್ಕೆ ಹೃದಯ ದೂಡುವ ರಕ್ತ ಕಡಿಮೆಯಾಗಿ, ಕಾಲುಗಳು ಅದೇ ವೇಗದಲ್ಲಿದ್ದರೂ ಬಡಿತ ಏರುತ್ತಲೇ ಹೋಗುತ್ತದೆ. ನನ್ನ ವಾಚಿನಲ್ಲಿ ಐದನೇ ಕಿಲೋಮೀಟರಿನಲ್ಲಿ 142 ಇದ್ದದ್ದು ಹದಿನಾಲ್ಕನೆಯದರಲ್ಲಿ 163 ಆಗಿತ್ತು. ಪಟ್ಟಿಯ ಪ್ರಕಾರ ನಾನಿನ್ನೂ ಆರಾಮದ ಓಟದಲ್ಲೇ ಇದ್ದೆ. ಹೃದಯ ಮಾತ್ರ ಆಗಲೇ ಸ್ಪರ್ಧೆಗೆ ಇಳಿದಿತ್ತು.

ಕಳೆದ ಏಪ್ರಿಲ್‌ನಲ್ಲಿ ಈ ಬೆವರನ್ನು ತೂಗಿಯೇ ನೋಡಿದೆ. ನಮ್ಮ ಅಂಗಳದ ಬದಿಯ ಶೆಡ್ಡಿನಲ್ಲಿ ಅಡಿಕೆ ಗೋಣಿ ತೂಗುವ ತಕ್ಕಡಿಯಿದೆ. ಹೊರಡುವ ಮೊದಲು ಬೈರಾಸು ಸುತ್ತಿಕೊಂಡು ಅದರ ಮೇಲೆ ನಿಂತೆ: 68.4 ಕಿಲೋ. ಒಂದೂಮುಕ್ಕಾಲು ಗಂಟೆ ಓಡಿ ಬಂದು, ಒದ್ದೆ ಬಟ್ಟೆ ಕಳಚಿ, ಮೈ ಒರೆಸಿಕೊಂಡು, ಅದೇ ಒಣ ಬೈರಾಸಿನಲ್ಲಿ ಮತ್ತೆ ನಿಂತರೆ 66.5. ದಾರಿಯಲ್ಲಿ ಅರ್ಧ ಲೀಟರ್ ನೀರು ಕುಡಿದಿದ್ದೆ, ಅದನ್ನೂ ಸೇರಿಸಿದರೆ ಹೋದದ್ದು 2.4 ಲೀಟರ್. ಸಾಕ್ಸ್ ಹಿಂಡಿದಾಗ ಅಂಗಳದಲ್ಲಿ ಅಂಗೈಯಗಲದ ಕಲೆಯಾಯಿತು. ಅಡಿಕೆ ಸುಲಿಯುತ್ತಿದ್ದವರು ತಲೆಯೆತ್ತಿ ನೋಡಿ, "ಒಣಗಿದ ಮೇಲೆ ತೂಕ ಬೀಳುವುದು ಅಡಿಕೆಗೆ ಮಾತ್ರ ಅಲ್ಲ ಹಾಗಾದರೆ" ಎಂದರು. ಡಿಸೆಂಬರಿನಲ್ಲಿ ಅದೇ ದಾರಿ, ಅಷ್ಟೇ ಹೊತ್ತು ಓಡಿ ತೂಗಿದಾಗ ಹೋದದ್ದು 1.5 ಲೀಟರ್ ಮಾತ್ರ.

ಸೆಕೆಗೆ ದೇಹ ಒಗ್ಗುತ್ತದೆ ಎಂಬುದು ನಿಜ. ಹತ್ತರಿಂದ ಹದಿನಾಲ್ಕು ದಿನ ಬಿಡದೆ ಸೆಕೆಯಲ್ಲಿ ಓಡಿದರೆ ರಕ್ತದ ದ್ರವಾಂಶ ಹೆಚ್ಚುತ್ತದೆ, ಬೆವರು ಬೇಗ ಶುರುವಾಗುತ್ತದೆ, ಅದರಲ್ಲಿ ಹೋಗುವ ಉಪ್ಪು ಕಡಿಮೆಯಾಗುತ್ತದೆ. ಆದರೆ ಎಷ್ಟು ಒಗ್ಗಿದ ದೇಹದ ಬೆವರೂ ಆರುವುದಕ್ಕೆ ಗಾಳಿಯಲ್ಲಿ ಜಾಗ ಬೇಕಲ್ಲ. ಆದ್ದರಿಂದ ಮಾರ್ಚ್‌ನಿಂದ ಮೇ ಕೊನೆಯವರೆಗೆ ನಾನು ಪೇಸ್ ನೋಡುವುದನ್ನೇ ಬಿಟ್ಟಿದ್ದೇನೆ. ಪಕ್ಕದವರೊಡನೆ ಪೂರ್ತಿ ವಾಕ್ಯಗಳಲ್ಲಿ ಮಾತನಾಡಲು ಆಗುವಷ್ಟು ವೇಗ ಸಾಕು, ಗುಡ್ಡೆ ಹತ್ತುವಾಗ ಮಾತು ಮುರಿದರೆ ನಡೆಯಬೇಕು. ಹೀಗೆ ಓಡಿದರೆ ಕಿಲೋಮೀಟರಿಗೆ ಏಳೂವರೆ ನಿಮಿಷ ಹಿಡಿಯುತ್ತದೆ, ಕೆಲವೊಮ್ಮೆ ಎಂಟು. ಅದನ್ನು ಓಟದ ಲೆಕ್ಕ ಹಂಚಿಕೊಳ್ಳುವ ಸ್ಟ್ರಾವಾ ಆ್ಯಪಿನಲ್ಲಿ ಹಾಕಲು ನಮ್ಮವರಿಗೆ ನಾಚಿಕೆ. ನನ್ನ ಅಂದಾಜಿನಲ್ಲಿ ನಮ್ಮ ಗುಂಪಿನ ಮೊಣಕಾಲು ನೋವು, ಹಿಮ್ಮಡಿ ನೋವುಗಳಲ್ಲಿ ಅರ್ಧಕ್ಕರ್ಧ ಈ ನಾಚಿಕೆಯಿಂದಲೇ ಬಂದವು. ನ್ಯೂಜಿಲೆಂಡಿನ ತರಬೇತುದಾರ ಆರ್ಥರ್ ಲಿಡಿಯಾರ್ಡ್, 1960 ಮತ್ತು 1964ರ ಒಲಿಂಪಿಕ್ಸ್‌ಗಳಲ್ಲಿ 800 ಮೀಟರ್ ಚಿನ್ನ ಗೆದ್ದ ಪೀಟರ್ ಸ್ನೆಲ್‌ನಂಥ ಓಟಗಾರನಿಂದಲೂ ಮೊದಲು ತಿಂಗಳುಗಟ್ಟಲೆ ದೂರದ ಓಟವನ್ನೇ ಮಾಡಿಸಿದ್ದರು. ಎರಡು ನಿಮಿಷದೊಳಗೆ ಮುಗಿಯುವ ಓಟಕ್ಕೇ ಅಷ್ಟು ತಳಪಾಯ ಬೇಕಾಗಿದ್ದರೆ, ನಾಲ್ಕೈದು ಗಂಟೆ ರಸ್ತೆಯಲ್ಲಿರುವ ನಮಗೆ ಏನು ಅವಸರ?

ಶೂಗಳ ವಿಷಯದಲ್ಲೂ ಇದೇ ಕಥೆ. 2017ರಲ್ಲಿ ನೈಕಿಯ ವೇಪರ್‌ಫ್ಲೈ ಮಾರುಕಟ್ಟೆಗೆ ಬಂದ ಮೇಲೆ, ಅಟ್ಟೆಯೊಳಗೆ ಕಾರ್ಬನ್ ತಗಡು ಇಲ್ಲದ್ದು ಶೂವೇ ಅಲ್ಲ ಎಂಬ ಮಾತು ನಿಧಾನವಾಗಿ ಬದಿಯಡ್ಕದವರೆಗೂ ಬಂದು ತಲುಪಿದೆ. ಓಡುವಾಗ ವ್ಯಯವಾಗುವ ಶಕ್ತಿಯನ್ನು ಅದು ಸರಾಸರಿ ಶೇ. 4ರಷ್ಟು ಉಳಿಸುತ್ತದೆ ಎಂಬ ಲೆಕ್ಕ ಸುಳ್ಳಲ್ಲ. ಆದರೆ ಆ ಅಳತೆ ಮಾಡಿದ್ದು ಗಂಟೆಗೆ 14ರಿಂದ 18 ಕಿ.ಮೀ. ವೇಗದಲ್ಲಿ ಓಡಬಲ್ಲವರ ಮೇಲೆ. ಗಂಟೆಗೆ 10 ಕಿ.ಮೀ. ವೇಗದಲ್ಲಿ ಅಂಥ ಶೂಗಳನ್ನು ಪರೀಕ್ಷಿಸಿದಾಗ ಲಾಭ ಸರಾಸರಿ ಶೇ. 1ನ್ನೂ ಮುಟ್ಟಲಿಲ್ಲ. ನನ್ನ ಓಟ ಗಂಟೆಗೆ ಒಂಬತ್ತು ಕಿಲೋಮೀಟರ್. ಇದನ್ನೆಲ್ಲ ಓದುವ ಮೊದಲೇ ನಾನೂ ಹದಿನೆಂಟು ಸಾವಿರ ಕೊಟ್ಟು ಒಂದು ಜೊತೆ ಕೊಂಡಿದ್ದೆ. ಜುಲೈ ತಿಂಗಳ ಒಂದು ಬೆಳಗ್ಗೆ, ಪದವಿನಿಂದ, ಎಂದರೆ ಮುರಕಲ್ಲಿನ ಎತ್ತರದ ಬಯಲಿನಿಂದ, ಕೆಳಗಿಳಿಯುವಲ್ಲಿ ಪಾಚಿ ಕಟ್ಟಿದ ಮುರಕಲ್ಲಿನ ಮೇಲೆ ಕಾಲಿಟ್ಟದ್ದೇ ತಡ, ಆ ಎತ್ತರದ ಮೆತ್ತನೆಯ ಅಟ್ಟೆ ಒಂದು ಕಡೆ ವಾಲಿತು, ಕಣಕಾಲು ಇನ್ನೊಂದು ಕಡೆ ಹೋಯಿತು. ಮೂರು ವಾರ ಕುಂಟಿದೆ. ತಯಾರಿಸಿದವರನ್ನು ದೂರಿ ಫಲವಿಲ್ಲ. ಸಮತಟ್ಟಾದ ರೇಸಿನ ರಸ್ತೆಗೆಂದು ಮಾಡಿದ್ದನ್ನು ಪದವಿನ ಓಟಕ್ಕೆ ಹಾಕಿಕೊಂಡು ಹೋದವನು ನಾನು.

ನಮ್ಮ ಭಾಗಕ್ಕೆ ಬೇಕಾದದ್ದು ಒದ್ದೆ ರಸ್ತೆಯಲ್ಲಿ ಹಿಡಿತವಿರುವ ರಬ್ಬರು, ಅಗಲ ಬುಡ, ನೀರು ಬೇಗ ಬಸಿದು ಹೋಗುವ ಜಾಲರಿ ಬಟ್ಟೆ. ಜಲನಿರೋಧಕ ಶೂ ಬೇಡವೇ ಬೇಡ. ಮೇಲಿನಿಂದ ಒಳಹೊಕ್ಕ ಮಳೆನೀರು ಅದರಲ್ಲಿ ಕೆರೆಯಂತೆ ನಿಲ್ಲುತ್ತದೆ. ಅಳತೆ ಅರ್ಧ ನಂಬರು ದೊಡ್ಡದಿರಲಿ, ಏಕೆಂದರೆ ದೂರದ ಓಟದಲ್ಲಿ ಪಾದ ಊದುತ್ತದೆ, ಇಳಿಜಾರಿನಲ್ಲಿ ಬೆರಳು ಮುಂದಕ್ಕೆ ಗುದ್ದಿ ಉಗುರು ಕಪ್ಪಾಗುತ್ತದೆ. ಒಂದು ದುಬಾರಿ ಜೊತೆಯ ಬದಲು ಎರಡು ಸಾಧಾರಣ ಜೊತೆಗಳಿರಲಿ, ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ ಸುರಿಯುವ ಊರಿನಲ್ಲಿ ನಿನ್ನೆಯ ಶೂ ಇಂದು ಒಣಗಿರುವುದಿಲ್ಲ. ಒಣಗಿಸುವ ಪಾಠವನ್ನೂ ಪೆಟ್ಟು ತಿಂದೇ ಕಲಿತೆ. ಹಪ್ಪಳ ಒಣಗುವಲ್ಲಿ ಶೂ ಒಣಗದೇ ಎಂದು ಬಚ್ಚಲೊಲೆಯ ಮೇಲಿನ ಅಟ್ಟದಲ್ಲಿಟ್ಟೆ. ಬೆಳಗ್ಗೆ ನೋಡಿದರೆ ಅಟ್ಟೆಯ ಫೋಮು ಸುರುಟಿ, ಮುಂಭಾಗದ ಅಂಟು ಬಿಟ್ಟು, ಎಡಗಾಲಿನದು ಬಲಗಾಲಿನದಕ್ಕಿಂತ ಗಿಡ್ಡವಾಗಿತ್ತು. ಈಗ ಒಳಹಾಸನ್ನು ಹೊರತೆಗೆದು, ಹಳೆಯ ಪತ್ರಿಕೆಯ ಹಾಳೆಗಳನ್ನು ಮುದ್ದೆ ಮಾಡಿ ತುರುಕಿ, ಎರಡು ಗಂಟೆಗೊಮ್ಮೆ ಬದಲಿಸಿ ಫ್ಯಾನಿನ ಕೆಳಗಿಡುತ್ತೇನೆ. ಸಂಪಾದಕೀಯ ಪುಟ ಚೆನ್ನಾಗಿ ನೀರು ಹೀರುತ್ತದೆ. ಜಾಹೀರಾತಿನ ನುಣುಪು ಹಾಳೆ ಪ್ರಯೋಜನವಿಲ್ಲ.

ಬರಿಗಾಲಿನ ಓಟಕ್ಕೆ ಹೆಸರಾಗಿದ್ದ ನಮ್ಮ ಶಿವನಾಥ ಸಿಂಗ್ 1978ರಲ್ಲಿ ಜಲಂಧರಿನಲ್ಲಿ 2 ಗಂಟೆ 12 ನಿಮಿಷಕ್ಕೆ ಮ್ಯಾರಥಾನ್ ಮುಗಿಸಿದರು, ಆ ರಾಷ್ಟ್ರೀಯ ದಾಖಲೆ ನಾಲ್ಕು ದಶಕಗಳಿಗೂ ಹೆಚ್ಚು ಕಾಲ ಅಲುಗಲಿಲ್ಲ. ಶೂ ಎಸೆಯಿರಿ ಎನ್ನುತ್ತಿಲ್ಲ. ಬೆಲೆಪಟ್ಟಿ ನೋಡುವಾಗ ಈ ಸಂಗತಿಯೂ ನೆನಪಿನಲ್ಲಿರಲಿ ಎಂದಷ್ಟೇ.

ನೀರಿನ ಬಗ್ಗೆ ಒಂದು ಮಾತು. ಬೆವರಿನ ಲೆಕ್ಕ ಕೇಳಿದ ಮೇಲೆ ನಮ್ಮ ಗುಂಪಿನ ಕೆಲವರು ಕೊಡಗಟ್ಟಲೆ ಕುಡಿಯಲು ಶುರುಮಾಡಿದರು, ಅದು ಇನ್ನೂ ಅಪಾಯ. 2002ರ ಬೋಸ್ಟನ್ ಮ್ಯಾರಥಾನ್ ಮುಗಿಸಿದ 488 ಮಂದಿಯ ರಕ್ತ ಪರೀಕ್ಷಿಸಿದಾಗ ಶೇ. 13ರಷ್ಟು ಜನರಲ್ಲಿ ಸೋಡಿಯಂ, ಎಂದರೆ ರಕ್ತದ ಉಪ್ಪಿನಂಶ, ತಗ್ಗಿತ್ತು. ಓಡುತ್ತಾ ತೂಕ ಹೆಚ್ಚಿಸಿಕೊಂಡವರಲ್ಲೇ, ಎಂದರೆ ಬೆವರಿದ್ದಕ್ಕಿಂತ ಹೆಚ್ಚು ಕುಡಿದವರಲ್ಲೇ, ಈ ತೊಂದರೆ ಹೆಚ್ಚಾಗಿ ಕಂಡಿತು. ಬಾಯಾರಿದಾಗ ಕುಡಿಯುವುದು, ಗಂಟೆ ಮೀರಿದ ಓಟವಾದರೆ ಓಆರ್‌ಎಸ್ ಬೆರೆಸುವುದು, ಮನೆಗೆ ಬಂದ ಮೇಲೆ ಉಪ್ಪು ಹಾಕಿದ ಕುಚ್ಚಲಕ್ಕಿ ಗಂಜಿ ಮತ್ತು ಉಪ್ಪಿನಕಾಯಿ: ನನಗೆ ಇಷ್ಟು ಸಾಕಾಗಿದೆ. ಓಟದ ನಡುವೆ ಶಕ್ತಿಗೆಂದು ನುಂಗುವ ಜೆಲ್ಲಿನ ಒಂದು ಪೊಟ್ಟಣದಲ್ಲಿರುವಷ್ಟು ಕಾರ್ಬೋಹೈಡ್ರೇಟ್ ಒಂದು ಮಧ್ಯಮ ಗಾತ್ರದ ಬಾಳೆಹಣ್ಣಿನಲ್ಲೂ ಇದೆ, ಆದರೆ ಬಾಳೆಹಣ್ಣನ್ನು ಜೇಬಿನಲ್ಲಿಟ್ಟು ಮೂರು ಗಂಟೆ ಓಡಿ ನೋಡಿದವರಿಗೆ ಜೆಲ್ಲಿನ ಬೆಲೆ ತಿಳಿಯುತ್ತದೆ.

ಇನ್ನು ರೇಸು. ನಮ್ಮಲ್ಲಿ ಹೆಚ್ಚಿನವರ ಕಣ್ಣು ಜನವರಿಯ ಮುಂಬೈ ಮ್ಯಾರಥಾನಿನ ಮೇಲಿರುತ್ತದೆ. ಹದಿನಾರು ವಾರ ಹಿಂದಕ್ಕೆ ಎಣಿಸಿದರೆ ತಯಾರಿ ಸೆಪ್ಟೆಂಬರಿನಲ್ಲೇ, ಇನ್ನೂ ಮಳೆ ನಿಲ್ಲದಿರುವಾಗಲೇ ಆರಂಭವಾಗಬೇಕು. ತೊಡಕು ಬರುವುದು ಡಿಸೆಂಬರಿನಲ್ಲಿ. ನಮ್ಮ ಮುಂಜಾವುಗಳು ತಂಪಾದೊಡನೆ ಶ್ರಮವಿಲ್ಲದೆ ಪೇಸ್ ಅರ್ಧ ನಿಮಿಷ ಇಳಿಯುತ್ತದೆ, ಓಟಗಾರ ತಾನು ಒಮ್ಮೆಲೇ ಸುಧಾರಿಸಿದೆ ಎಂದು ನಂಬಿ ಗುರಿಯನ್ನು ತಿದ್ದಿಕೊಳ್ಳುತ್ತಾನೆ. ಮುಂಬೈಯದ್ದೂ ಕರಾವಳಿಯ ಹವೆಯೇ. ಸೂರ್ಯ ಮೇಲೇರಿ, ಕಾಲು ಸೋತಿರುವ ಹೊತ್ತಿಗೆ ಪೆಡ್ಡರ್ ರೋಡಿನ ಏರು ಎದುರು ನಿಲ್ಲುತ್ತದೆ. ನಾನು ಡಿಸೆಂಬರಿನ ವೇಗವನ್ನು ನಂಬದೆ ಅಕ್ಟೋಬರಿನ ಉಸಿರನ್ನು ನಂಬಿ ಓಡಿದೆ, 4 ಗಂಟೆ 52 ನಿಮಿಷ ಹಿಡಿಯಿತು, ಆ ಏರಿನಲ್ಲಿ ಅನೇಕರನ್ನು ದಾಟಿದೆ. ದೊಡ್ಡ ಸಾಧನೆಯಲ್ಲ, ಆದರೆ ಮರುದಿನ ರೈಲಿನ ಮೆಟ್ಟಿಲು ನೆಟ್ಟಗೆ ಹತ್ತಿದೆ.

ನನಗೆ ಪಟ್ಟಿ ಕಳುಹಿಸಿದ್ದ ಹುಡುಗ ಈ ಬಾರಿ ವಿಷುವಿಗೆ ಊರಿಗೆ ಬಂದಿದ್ದ. ನಮ್ಮೊಡನೆ ಓಡಲು ಬಂದವನು ಬೆಂಗಳೂರಿನ ಪೇಸ್‌ನಲ್ಲೇ ಹೊರಟು ಮೊದಲ ತಿರುವಿನಲ್ಲೇ ಕಣ್ಮರೆಯಾದ. ಹನ್ನೊಂದನೇ ಕಿಲೋಮೀಟರಿನಲ್ಲಿ ನಾವು ಮಾತನಾಡುತ್ತಾ ತಲುಪಿದಾಗ ಬಸ್ಸು ತಂಗುದಾಣದ ಸಿಮೆಂಟು ಬೆಂಚಿನ ಮೇಲೆ, ತಲೆಗೆ ನೀರು ಸುರಿದುಕೊಂಡು ಕೂತಿದ್ದ. ಏನೂ ಹೇಳುವ ಮೊದಲೇ ಹಿಂದಿನಿಂದ ಹಾಲಿನ ವ್ಯಾನು ಬಂದು ನಿಧಾನಿಸಿತು. ಅವನು ಹತ್ತಿದ.