ಅಪ್ಪನ ಅರ್ಲ್ ಪದವಿ ಮಗಳಿಗೂ ಬರಬೇಕೆ?

ಪರ: ಅಡ್ಡಿಯಾಗಿರುವುದು ಸನದಿನ ಒಂದು ಪದ

ವಿಲಿಯಂ ವೈಟ್‌ಲಾ ಬ್ರಿಟನ್ನಿನ ಪ್ರಧಾನಿ ಮಾರ್ಗರೆಟ್ ಥ್ಯಾಚರ್ ಅವರ ಬಲಗೈಯಂತಿದ್ದ ರಾಜಕಾರಣಿ. 1983ರಲ್ಲಿ ಅವರಿಗೆ ವಂಶಪಾರಂಪರ್ಯವಾಗಿ ಸಾಗುವ ವೈಕೌಂಟ್ ಪದವಿ ಸಿಕ್ಕಿತು. ಮನೆಯಲ್ಲಿ ನಾಲ್ವರು ಹೆಣ್ಣುಮಕ್ಕಳು, ಗಂಡುಮಗುವಿಲ್ಲ. 1999ರಲ್ಲಿ ಅವರು ತೀರಿಕೊಂಡಾಗ ಪದವಿಯೂ ಅವರೊಂದಿಗೇ ಮುಗಿಯಿತು. ನಾಲ್ಕು ಮಕ್ಕಳ ತಂದೆ, ಬಿರುದಿನ ಲೆಕ್ಕದಲ್ಲಿ ಮಾತ್ರ ಸಂತಾನವಿಲ್ಲದವರು.

ಬ್ರಿಟನ್ನಿನಲ್ಲಿ ಇಂಥ ಪದವಿಗಳಿಗೆ ಮೇಲಿನಿಂದ ಕೆಳಕ್ಕೆ ಡ್ಯೂಕ್, ಮಾರ್ಕ್ವೆಸ್, ಅರ್ಲ್, ವೈಕೌಂಟ್, ಬ್ಯಾರನ್ ಎಂಬ ಐದು ದರ್ಜೆಗಳಿವೆ; ಯಾವುದನ್ನು ಕೊಟ್ಟರೂ, ಮುಂದೆ ಅದು ಯಾರಿಗೆ ಹೋಗಬೇಕೆಂಬುದನ್ನು ರಾಜಮುದ್ರೆಯ ಸನದಿನಲ್ಲೇ ಬರೆದಿಡುತ್ತಾರೆ. ಬಹುಪಾಲು ಸನದುಗಳ ಒಕ್ಕಣೆ, ಪದವಿ ಪಡೆದವನ ಸ್ವಂತ ಸಂತತಿಯ 'ಗಂಡು ವಾರಸುದಾರರಿಗೆ' ಎಂದು. ಆ ಒಂದು ಪದದಿಂದ ಹಿರಿಮಗಳನ್ನು ದಾಟಿ ಪದವಿ ಕಿರಿಮಗನಿಗೆ ಹೋಗುತ್ತದೆ. ಮಗನಿಲ್ಲದಿದ್ದರೆ ಮೂಲಪುರುಷನ ಗಂಡು ಸಂತತಿಯಲ್ಲೇ ತಮ್ಮನನ್ನೋ ದೂರದ ದಾಯಾದಿಯನ್ನೋ ಹುಡುಕುತ್ತಾರೆ. 2016ರಲ್ಲಿ ವೆಸ್ಟ್‌ಮಿನ್‌ಸ್ಟರ್ ಡ್ಯೂಕ್ ಪದವಿ 25 ವರ್ಷದ ತಮ್ಮನಿಗೆ ಬಂತು. ಅವನಿಗಿಂತ ದೊಡ್ಡವರಾದ ಅಕ್ಕಂದಿರು ಇಬ್ಬರಿದ್ದರು.

ಇದು ಕಲ್ಲಿನಲ್ಲಿ ಕೊರೆದ ನಿಯಮವೆಂದು ನಂಬುವವರು ಮಾರ್ಲ್‌ಬರೋ ಕಥೆ ನೋಡಬೇಕು. ಮೊದಲ ಡ್ಯೂಕ್‌ನ ಮಗ 1703ರಲ್ಲಿ ಸಿಡುಬಿನಿಂದ ಸತ್ತ. ಯುದ್ಧ ಗೆದ್ದ ದಂಡನಾಯಕನ ಹೆಸರು ಅಳಿಯಬಾರದೆಂದು 1706ರಲ್ಲಿ ಪಾರ್ಲಿಮೆಂಟೇ ಕಾಯಿದೆ ಮಾಡಿ ಪದವಿಯನ್ನು ಹೆಣ್ಣುಮಕ್ಕಳಿಗೆ ತೆರೆಯಿತು. 1722ರಲ್ಲಿ ಮಗಳು ಹೆನ್ರಿಯೆಟ್ಟಾ ತನ್ನ ಸ್ವಂತ ಹಕ್ಕಿನಲ್ಲೇ ಡಚೆಸ್ ಆದಳು. ಕಾನ್ಪುರದಲ್ಲಿ ಹುಟ್ಟಿದ ದಂಡನಾಯಕ ಲಾರ್ಡ್ ರಾಬರ್ಟ್ಸ್‌ಗೆ 1901ರಲ್ಲಿ ಅರ್ಲ್ ಪದವಿ ಕೊಟ್ಟಾಗ, ಮಗ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧದಲ್ಲಿ ಮಡಿದಿದ್ದರಿಂದ ಹೆಣ್ಣುಮಕ್ಕಳನ್ನೂ ಸನದಿಗೆ ಸೇರಿಸಿದರು. ನಮ್ಮ ಕೊನೆಯ ವೈಸರಾಯ್ ಮೌಂಟ್‌ಬ್ಯಾಟನ್ ಅವರಿಗೂ ಹಾಗೆಯೇ: 1979ರಲ್ಲಿ ಅವರ ಹಿರಿಮಗಳು ಪೆಟ್ರಿಷಿಯಾ ಎರಡನೆಯ ಕೌಂಟೆಸ್, ಅಂದರೆ ಹೆಣ್ಣು ಅರ್ಲ್, ಆದರು. ದೊಡ್ಡವರಿಗೆ ಬೇಕಾದಾಗಲೆಲ್ಲ ಆ 'ಗಂಡು' ಪದ ಬಾಗಿದೆ.

ಹೆಣ್ಣುಮಕ್ಕಳನ್ನು ಸೇರಿಸಿದರೆ ಪದವಿ ಹಂಚಿಹೋಗಿ ಗೊಂದಲವಾಗುತ್ತದೆ ಎಂಬ ಭಯಕ್ಕೆ ಆಧಾರವಿದೆ. ಸನದಿಲ್ಲದೆ, ಪಾರ್ಲಿಮೆಂಟಿಗೆ ಕರೆದ ಓಲೆಯಿಂದಲೇ ಹುಟ್ಟಿದ ಹಳೆಯ ಇಂಗ್ಲಿಷ್ ಬ್ಯಾರನ್ ಪದವಿಗಳಲ್ಲಿ ಮಗನಿಲ್ಲದಿದ್ದರೆ ಹೆಣ್ಣುಮಕ್ಕಳೆಲ್ಲ ಸಮಪಾಲಿನವರು. ಅಕ್ಕ-ತಂಗಿ ಎಂಬ ಹಿರಿತನವಿಲ್ಲ, ಪದವಿಯನ್ನು ತುಂಡು ಮಾಡಲೂ ಬಾರದು. ಹಾಗಾಗಿ ಅದು ಯಾರಿಗೂ ಸೇರದೆ ತೂಗುತ್ತದೆ. ಗ್ರೇ ಆಫ್ ಕಾಡ್ನರ್ ಪದವಿ 1496ರಿಂದ 1989ರವರೆಗೆ ಹೀಗೆ ತೂಗಿತು. ಆದರೆ ಮದ್ದು 1663ರಲ್ಲೇ ಸಿಕ್ಕಿದೆ. ಲ್ಯೂಕಸ್ ಪದವಿಯ ಸನದು, ಹೆಣ್ಣುಮಕ್ಕಳು ಹಲವರಿದ್ದರೆ ಪಾಲಿಲ್ಲದೆ ಹಿರಿಯಳಿಗೇ ಎಂದು ವಿಧಿಸಿತು. 2013ರಲ್ಲಿ ಬಿರುದುಗಳ ಸಮಾನತೆಯ ಮಸೂದೆ ತಂದ ಲಾರ್ಡ್ ಲ್ಯೂಕಸ್ ತಮ್ಮ ಪದವಿ ಪಡೆದದ್ದು ತಾಯಿಯಿಂದ. ಮಸೂದೆ ಮಾತ್ರ ಕಾಯಿದೆಯಾಗಲಿಲ್ಲ. ಅದೇ ವರ್ಷ ಸಿಂಹಾಸನದ ಕಾನೂನು ತಿದ್ದಿ, 2011ರ ಅಕ್ಟೋಬರ್ 28ರ ನಂತರ ಹುಟ್ಟಿದವರಲ್ಲಿ ಅಕ್ಕನನ್ನು ತಮ್ಮ ಹಿಂದಿಕ್ಕುವಂತಿಲ್ಲ ಎಂದರು. ರಾಣಿಯಾಗಲು ಹಿರಿಮಗಳು ಸಾಕು, ಬ್ಯಾರನೆಸ್ ಆಗಲು ಸಾಲಳು!

ರಕ್ತದ ಮಾತಿಗೂ ಬರೋಣ. ಗಂಡು ಎಳೆಯೇ ಖಚಿತ ಎನ್ನುವವರಿಗೆ 2016ರ ಪ್ರಿಂಗಲ್ ಪ್ರಕರಣವಿದೆ. 1683ರ ಬ್ಯಾರನೆಟ್ ಪದವಿಯೊಂದರ (ಬ್ಯಾರನ್‌ಗಿಂತ ಕೆಳಗಿನ, ಐದು ದರ್ಜೆಗಳಿಗೆ ಸೇರದ ವಂಶಪಾರಂಪರ್ಯ ಬಿರುದು) ಬಗ್ಗೆ ಪ್ರಿವಿ ಕೌನ್ಸಿಲ್‌ನ ನ್ಯಾಯಸಮಿತಿ ಡಿಎನ್‌ಎ ಸಾಕ್ಷ್ಯ ಒಪ್ಪಿತು. ತಲೆಮಾರುಗಳ ಹಿಂದೆ ಮಗನೆಂದು ದಾಖಲಾದವನು ಆ ತಂದೆಯ ಮಗನಲ್ಲವೆಂದು ತೀರ್ಮಾನವಾಗಿ ಪದವಿ ಇನ್ನೊಂದು ಕವಲಿಗೆ ಹೋಯಿತು. ತಾಯಿ ಯಾರೆಂಬ ಬಗ್ಗೆ ಇಂಥ ತಕರಾರು ಅಪರೂಪ. ದಾಖಲೆಯ ಕೆಲಸವೂ ಹೆಚ್ಚುವುದಿಲ್ಲ: 2004ರಿಂದ ಪೀರೇಜ್ ಪಟ್ಟಿಗೆ, ಅಂದರೆ ಪದವಿ ಹೊಂದಿದವರ ಅಧಿಕೃತ ದಾಖಲೆಗೆ, ಹೆಸರು ಸೇರಿಸಲು ಕೇಳುವ ಜನನ, ಮದುವೆ, ಮರಣದ ಪತ್ರಗಳು ಮಗಳ ಬಳಿಯೂ ಇರುತ್ತವೆ.

1999ರಲ್ಲಿ ಪಾರ್ಲಿಮೆಂಟಿನ ಮೇಲ್ಮನೆಯಾದ ಹೌಸ್ ಆಫ್ ಲಾರ್ಡ್ಸ್‌ನಿಂದ ವಂಶಪಾರಂಪರ್ಯದವರನ್ನು ಹೊರಗೆ ಕಳಿಸಿದಾಗಲೂ 92 ಜನರನ್ನು ಉಳಿಸಿಕೊಂಡರು. 2020ರಲ್ಲಿ ಕೌಂಟೆಸ್ ಆಫ್ ಮಾರ್ ನಿವೃತ್ತರಾದ ಮೇಲೆ ಆ ಗುಂಪಿನಲ್ಲಿ ಒಬ್ಬ ಹೆಣ್ಣೂ ಉಳಿಯಲಿಲ್ಲ. ಸನದಿನ ಹಳೇ ಒಕ್ಕಣೆ ಶಾಸನಸಭೆಯ ಕುರ್ಚಿಯವರೆಗೂ ಕೈಚಾಚಿತ್ತು.

ವಿರೋಧ: ಆರುತ್ತಿರುವ ದೀಪಕ್ಕೆ ಎಣ್ಣೆ ಏಕೆ?

ಹೆಣ್ಣು ಕಡಿಮೆ ಎಂದು ವಾದಿಸಲು ಇಲ್ಲಿ ಯಾರೂ ಕೂತಿಲ್ಲ. ಪ್ರಶ್ನೆ ಬೇರೆ: ಈ ಪದವಿಗಳು ಇನ್ನೂ ಎಷ್ಟು ಕಾಲ ನಡೆಯಬೇಕು?

ರಾಜಮನೆತನದ ಹೊರಗೆ ಹೊಸ ವಂಶಪಾರಂಪರ್ಯ ಪದವಿ ಕೊನೆಯ ಬಾರಿ ಹುಟ್ಟಿದ್ದು 1984ರಲ್ಲಿ, ಮಾಜಿ ಪ್ರಧಾನಿ ಹೆರಾಲ್ಡ್ ಮ್ಯಾಕ್‌ಮಿಲನ್ ಅವರಿಗೆ ಅರ್ಲ್ ಪದವಿ ಕೊಟ್ಟಾಗ. ಆಮೇಲೆ ಹೊಸದಿಲ್ಲ. 2023ರಲ್ಲಿ ಅರಸನ ತಮ್ಮ ಎಡ್ವರ್ಡ್‌ಗೆ ಕೊಟ್ಟ ಎಡಿನ್‌ಬರ ಡ್ಯೂಕ್ ಪದವಿಯೂ ಅವರ ಜೀವಿತಾವಧಿಗೆ ಮಾತ್ರ. ಒಳಹರಿವು ನಿಂತ ಕೆರೆಯಿದು. ಗಂಡು ಸಂತತಿ ಮುಗಿದಂತೆಲ್ಲ ಒಂದೊಂದೇ ಪದವಿ ಇಲ್ಲವಾಗುತ್ತದೆ. ಗದ್ದಲವಿಲ್ಲ, ಕಾಯಿದೆ ಬೇಕಿಲ್ಲ. ಹೆಣ್ಣು ಸಂತತಿಗೂ ತೆರೆದರೆ ಪ್ರತಿ ಪದವಿಯ ಆಯಸ್ಸು ಬೆಳೆಯುತ್ತದೆ. ಸಮಾನತೆಯ ಹೆಸರಿನಲ್ಲಿ ಅಸಮಾನತೆಯ ಗುತ್ತಿಗೆಯನ್ನು ನವೀಕರಿಸಿದಂತಾಗುತ್ತದೆ, ಅಷ್ಟೆ.

ಅಷ್ಟಕ್ಕೂ ಸಮಾನತೆ ಯಾರಿಗೆ? ಎರಡನೆಯ ಮಗನಿಗೆ ಇವತ್ತೂ ಏನಿಲ್ಲ, ನಾಳೆ ಎರಡನೆಯ ಮಗಳಿಗೂ ಏನಿರದು. ದತ್ತುಮಗುವಿಗೆ 2004ರಿಂದ 'ಲೇಡಿ', 'ಆನರಬಲ್' ಎಂಬ ಶಿಷ್ಟಾಚಾರದ ಸಂಬೋಧನೆ ಸಿಗುತ್ತದೆ, ಪದವಿ ಸಿಗುವುದಿಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ದತ್ತುಮಗನನ್ನು ಮೈಸೂರಿನ ವಾರಸುದಾರನೆಂದು ಒಪ್ಪಿ 1881ರಲ್ಲಿ ಇಡೀ ಸಂಸ್ಥಾನವನ್ನೇ ಒಪ್ಪಿಸಿದ ಬ್ರಿಟಿಷರು, ತಮ್ಮೂರಿನ ಬ್ಯಾರನ್ ಒಬ್ಬನ ದತ್ತುಮಗನಿಗೆ ಬಾಗಿಲು ತೆರೆದಿಲ್ಲ. ಮಗಳ ವಿಷಯವೊಂದನ್ನೇ ಎತ್ತಿಕೊಂಡು ಉಳಿದವರನ್ನು ಹೊರಗಿಟ್ಟರೆ ಅದನ್ನು ಸುಧಾರಣೆ ಎನ್ನಲಾಗದು.

ಎದುರು ಪಕ್ಷದವರು ಎರಡು ಬೇರೆ ಬೇರೆ ಬೇಡಿಕೆಗಳನ್ನು ಒಂದೇ ಚೀಲಕ್ಕೆ ತುಂಬಿದ್ದಾರೆ. ಮಗನಿಲ್ಲದಾಗ ದಾಯಾದಿಗೆ ಮೊದಲು ಮಗಳು ಎನ್ನುವುದು ಒಂದು. ತಮ್ಮನಿದ್ದರೂ ಅಕ್ಕನೇ ಎನ್ನುವುದು ಇನ್ನೊಂದು. ಮಾರ್ಲ್‌ಬರೋ, ರಾಬರ್ಟ್ಸ್, ಮೌಂಟ್‌ಬ್ಯಾಟನ್ ಮೂವರೂ ಮೊದಲ ಬಗೆಗೆ ಮಾತ್ರ ಸಾಕ್ಷಿ. ಅವು ಪದವಿ ಕೊಡುವಾಗಲೋ, ಮೂಲಪುರುಷ ಬದುಕಿದ್ದಾಗಲೋ ಆದ ಏರ್ಪಾಡುಗಳು ಕೂಡ. ಮುನ್ನೂರು ವರ್ಷ ಹಳೆಯ ಸನದನ್ನು ಇವತ್ತು ತಿದ್ದುವುದಕ್ಕೆ ಅವು ಮಾದರಿಯಾಗಲಾರವು.

ತಿದ್ದಿದರೂ ಎಂದಿನಿಂದ? ಈಗಾಗಲೇ ಹುಟ್ಟಿದವರಿಗೂ ಅನ್ವಯಿಸಿದರೆ, ವಾರಸುದಾರನೆಂದೇ ಬೆಳೆದು, ಅಪ್ಪನ ಕಿರುಪದವಿಯನ್ನು (ಮುಖ್ಯ ಪದವಿಯ ಜೊತೆಗಿರುವ ಕೆಳದರ್ಜೆಯ ಬಿರುದು) ಹೆಸರಿನ ಮುಂದಿಟ್ಟುಕೊಂಡ 40 ವರ್ಷದವನು ಒಂದು ಬೆಳಿಗ್ಗೆ ಅಕ್ಕನ ಹಿಂದೆ ನಿಲ್ಲಬೇಕು. ಮುಂದೆ ಹುಟ್ಟುವವರಿಗೆ ಮಾತ್ರ ಎಂದರೆ ಫಲ ಕಾಣಲು ಅರ್ಧ ಶತಮಾನ ಬೇಕು. ಸ್ಪೇನ್ 2006ರಲ್ಲಿ ಇಂಥದೇ ಕಾನೂನು ತಂದು, ಆಗಲೇ ನ್ಯಾಯಾಲಯದಲ್ಲಿದ್ದ ವ್ಯಾಜ್ಯಗಳಿಗೂ ಅನ್ವಯಿಸಿತು. ಆಟದ ನಡುವೆ ನಿಯಮ ಬದಲಿಸಿದಂತೆ.

ನಿಜವಾದ ತೊಡಕು ಆಸ್ತಿಯದು. ಬಿರುದಿನ ಜೊತೆ ಒಂದು ಗುಂಟೆ ನೆಲವೂ ತಾನಾಗಿ ಬರುವುದಿಲ್ಲ. ಬಂಗಲೆ, ಗೇಣಿಗೆ ಕೊಟ್ಟ ಜಮೀನು, ಗೋಡೆಯ ಚಿತ್ರಪಟಗಳು ಅನೇಕ ಮನೆತನಗಳಲ್ಲಿ ಟ್ರಸ್ಟ್‌ನ ಹೆಸರಿನಲ್ಲಿರುತ್ತವೆ. ಸ್ವಂತ ಹೆಸರಿನಲ್ಲಿದ್ದರೆ ಸಾವಿನ ಮೇಲೆ, ವಿನಾಯಿತಿಗಳನ್ನು ಕಳೆದು, ಶೇ. 40 ತೆರಿಗೆ, ಟ್ರಸ್ಟ್‌ನಲ್ಲಿದ್ದರೆ ಹತ್ತು ವರ್ಷಕ್ಕೊಮ್ಮೆ ಹೆಚ್ಚೆಂದರೆ ಶೇ. 6. ಟ್ರಸ್ಟ್ ಪತ್ರದಲ್ಲಿ 'ಪದವಿಯಲ್ಲಿರುವವರಿಗೆ' ಎಂದು ಬರೆದಿದ್ದರೆ ಪದವಿ ತಿರುಗಿದ ಕಡೆಗೇ ಮನೆಯೂ ತಿರುಗುತ್ತದೆ. ಹೆಸರು ಹಿಡಿದು ಬರೆದಿದ್ದರೆ ಪದವಿ ಅಕ್ಕನಿಗೆ, ಸೂರು ತಮ್ಮನಿಗೆ. ಪಾರ್ಲಿಮೆಂಟ್ ಒಂದೇ ವಾಕ್ಯದಲ್ಲಿ ಎಲ್ಲ ಸನದುಗಳನ್ನೂ ತಿದ್ದಬಹುದು, ಆದರೆ ಟ್ರಸ್ಟ್ ಪತ್ರಗಳನ್ನು ಒಂದೊಂದಾಗಿಯೇ ಓದಬೇಕು.

ತಮಾಷೆಯೆಂದರೆ, ಮಗಳಿಗೆ ಮನೆ ಕೊಡಲು ಪಾರ್ಲಿಮೆಂಟಿನ ಅಪ್ಪಣೆ ಬೇಕೇ ಇಲ್ಲ. ಗಂಡು ಸಂತತಿಗೆ ಆಸ್ತಿಯನ್ನು ತಲೆತಲಾಂತರಕ್ಕೆ ಕಟ್ಟಿಹಾಕುವ ಹೊಸ ಏರ್ಪಾಡನ್ನು 1997ರಿಂದ ಇಂಗ್ಲೆಂಡಿನಲ್ಲಿ ಮಾಡುವಂತೆಯೂ ಇಲ್ಲ. ಸ್ವಂತ ಆಸ್ತಿಯುಳ್ಳ ಡ್ಯೂಕ್ ಇವತ್ತು ಮಧ್ಯಾಹ್ನವೇ ವಕೀಲರ ಬಳಿ ಹೋಗಿ ಉಯಿಲು ಬದಲಿಸಿ ಹಿರಿಮಗಳ ಹೆಸರು ಬರೆಸಬಹುದು. ಸಂಜೆಯೊಳಗೆ ಮುಗಿಯುವ ಆ ಕೆಲಸವನ್ನು ಮಾಡದ ಅಪ್ಪಂದಿರೇ, ಹೆಣ್ಣುಮಕ್ಕಳ ವಿಷಯದಲ್ಲಿ ಸನದು ಕೈ ಕಟ್ಟಿಹಾಕಿದೆ ಎಂದು ಅಲವತ್ತುಕೊಳ್ಳುವುದು.