ಬೈಕ್ ನಡುರಸ್ತೆಯಲ್ಲಿ ಆಫ್ ಆದರೆ ಪೆಟ್ರೋಲೇ ಕಾರಣವಾ?

"ಓಡ್ತಿರೋ ಬೈಕ್ ಆಫ್ ಆಯ್ತಾ? ಬಂಕಿನಲ್ಲಿ ನೀರು ಬೆರೆಸಿದ್ದಾರೆ, ಟ್ಯಾಂಕ್ ಖಾಲಿ ಮಾಡಿಸಿ" ಎಂಬ ಮೆಸೇಜ್ ಬೆಂಗಳೂರಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುತ್ತಿದೆ. ಪೂರ್ತಿ ಸುಳ್ಳಲ್ಲ. ನೀರು ಸೇರಿದರೆ ಇಂಜಿನ್ ಜರ್ಕ್ ಹೊಡೆದು ನಿಲ್ಲುತ್ತದೆ. ಆದರೆ ಕಾರಣ ಅದೊಂದೇ ಅಲ್ವಲ್ಲ!

ಮೊದಲು ಗಾಡಿ ಪಕ್ಕಕ್ಕೆ ಹಾಕಿ. ಸಿಲ್ಕ್ ಬೋರ್ಡ್ ಹತ್ತಿರ ಗುಂಡಿಗೆ ಇಳಿದ ತಕ್ಷಣ ಲೈಟು, ಹಾರ್ನ್ ಸಮೇತ ಎಲ್ಲ ಸತ್ತಿತಾ? ಬ್ಯಾಟರಿ ಟರ್ಮಿನಲ್ ಸಡಿಲವಾಗಿರಬಹುದು, ಫ್ಯೂಸ್ ಹೋಗಿರಬಹುದು. ಇಂಜಿನ್ ಮಾತ್ರ ನಿಂತಿದ್ದರೆ ಕಿಲ್ ಸ್ವಿಚ್ (ಹ್ಯಾಂಡಲ್ ಮೇಲಿನ ಇಂಜಿನ್ ಆಫ್ ಬಟನ್), ಪ್ಲಗ್ ಕ್ಯಾಪ್ (ಸ್ಪಾರ್ಕ್ ಪ್ಲಗ್‌ಗೆ ಸಿಕ್ಕಿಸುವ ವೈರಿನ ಟೋಪಿ), ಸ್ಟ್ಯಾಂಡ್ ಇಳಿದಿದ್ದರೆ ಇಂಜಿನ್ ನಿಲ್ಲಿಸುವ ಸೈಡ್ ಸ್ಟ್ಯಾಂಡ್ ಸ್ವಿಚ್ ನೋಡಿ. ಕೊನೆಯದಕ್ಕೆ ಕೆಸರು ಮೆತ್ತಿದರೂ ಸಾಕು, ಕೈ ಕೊಡುತ್ತದೆ.

ಹಳೇ ಕಾರ್ಬುರೇಟರ್ ಬೈಕಾ? ಟ್ಯಾಂಕ್ ಮುಚ್ಚಳ ತೆಗೆಯಿರಿ. 'ಸುಸ್' ಅಂತ ಗಾಳಿ ಎಳೆದುಕೊಂಡು, ಸ್ವಲ್ಪ ಹೊತ್ತಿಗೆ ಸ್ಟಾರ್ಟ್ ಆದರೆ ಮುಚ್ಚಳದ ಗಾಳಿ ತೂತು ಕಟ್ಟಿ ಪೆಟ್ರೋಲ್ ಇಳಿಯುತ್ತಿರಲಿಲ್ಲ ಅಂತಲೇ ಲೆಕ್ಕ. ಅದಕ್ಕೆ ಟ್ಯಾಂಕ್ ಖಾಲಿ ಮಾಡಿಸೋದು ಸುಮ್ನೆ ದುಡ್ಡು ದಂಡ.